ಬಾಣಕ್ಕೂ ಅರ್ಥವುಂಟು: ಜೀವಕೋಶದ ನಕ್ಷೆ ಬರೆಯುವ ತಂತ್ರಾಂಶಗಳು

ಊಟವಾದ ಬಳಿಕ ರಕ್ತದಲ್ಲಿ ಗ್ಲೂಕೋಸಿನ ಪ್ರಮಾಣ ಏರುತ್ತದೆ, ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಸ್ರವಿಸುತ್ತದೆ, ಸ್ನಾಯುವಿನ ಜೀವಕೋಶಗಳು ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತವೆ. ಮಧುಮೇಹಿಗಳಿರುವ ಮನೆಯಲ್ಲಿ ಇದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಇದಕ್ಕಾಗಿ ಇನ್ಸುಲಿನ್ ಜೀವಕೋಶದ ಒಳಕ್ಕೆ ಹೋಗಬೇಕಾಗಿಲ್ಲ. ಬಾಗಿಲಲ್ಲಿ ನಿಂತು ಸುದ್ದಿ ಮುಟ್ಟಿಸುತ್ತದೆ, ಅಷ್ಟೆ. ಕೋಶಪೊರೆಯ ಮೇಲಿರುವ ಗ್ರಾಹಕ ಪ್ರೊಟೀನು ಆ ಸುದ್ದಿಯನ್ನು ಒಳಗಿನ ಇನ್ನೊಂದು ಪ್ರೊಟೀನಿಗೆ, ಅದು ಮತ್ತೊಂದಕ್ಕೆ ದಾಟಿಸುತ್ತ ಹೋಗುತ್ತದೆ. ಕೊನೆಗೆ ಗ್ಲೂಕೋಸನ್ನು ಒಳಗೆ ಬಿಡುವ ಗ್ಲುಟ್-4 ಎಂಬ ಸಾಗಣೆ ಪ್ರೊಟೀನುಗಳು ಕೋಶದ ಆಳದಿಂದ ಮೇಲ್ಮೈಗೆ ಬಂದು ನಿಲ್ಲುತ್ತವೆ. ಈ ಸರಪಳಿಯೇ ಸಂಕೇತ ಪಥ. ಒಳಗೆ ಬಂದ ಗ್ಲೂಕೋಸು ಹತ್ತು ಹಂತಗಳಲ್ಲಿ ಪೈರುವೇಟ್ ಆಗಿ ಒಡೆಯುವ ಸರಪಳಿ ಚಯಾಪಚಯ ಪಥ. ಮೊದಲನೆಯದರಲ್ಲಿ ಚಲಿಸುವುದು ಸುದ್ದಿ, ಎರಡನೆಯದರಲ್ಲಿ ಬದಲಾಗುವುದು ವಸ್ತು.

ಜೀವಕೋಶದಲ್ಲಿ ಇಂತಹ ಸಾವಿರಾರು ಕ್ರಿಯೆಗಳು ಏಕಕಾಲಕ್ಕೆ ನಡೆಯುತ್ತಿರುತ್ತವೆ, ಒಂದು ಇನ್ನೊಂದಕ್ಕೆ ಹೆಣೆದುಕೊಂಡಿರುತ್ತವೆ. ಇವನ್ನು ವಾಕ್ಯಗಳಲ್ಲಿ ಬರೆದರೆ ಓದುಗನಿಗೆ ದಾರಿ ತಪ್ಪುತ್ತದೆ. ಆದ್ದರಿಂದಲೇ ಜೀವರಸಾಯನ ವಿಜ್ಞಾನವು ಮೊದಲಿನಿಂದಲೂ ನಕ್ಷೆಯನ್ನು ನೆಚ್ಚಿಕೊಂಡಿದೆ. ಇಂದು ಆ ನಕ್ಷೆ ಬರೆಯಲು ಹತ್ತಾರು ತಂತ್ರಾಂಶಗಳಿವೆ. ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಮೇಲ್ನೋಟಕ್ಕೆ ಅಭಿರುಚಿಯ ಪ್ರಶ್ನೆಯಂತೆ ಕಂಡರೂ, ಬರೆದ ನಕ್ಷೆಯನ್ನು ಮುಂದೆ ಯಾರಾದರೂ ಬಳಸಬಲ್ಲರೇ ಎಂಬುದು ಆ ಆಯ್ಕೆಯಲ್ಲೇ ನಿರ್ಧಾರವಾಗಿಬಿಡುತ್ತದೆ.

ಗೋಡೆಯಿಂದ ಪರದೆಗೆ

ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿದ್ದ ಡೊನಾಲ್ಡ್ ನಿಕಲ್ಸನ್ ಅವರು 1955ರಲ್ಲಿ, ಅಂದು ತಿಳಿದಿದ್ದ ಸುಮಾರು 20 ಚಯಾಪಚಯ ಪಥಗಳನ್ನು ಒಂದೇ ಹಾಳೆಯ ಮೇಲೆ ಜೋಡಿಸಿದರು. 2012ರಲ್ಲಿ ತೀರಿಕೊಂಡ ಅವರು ಇಳಿವಯಸ್ಸಿನಲ್ಲೂ ಆ ನಕ್ಷೆಗಳನ್ನು ತಿದ್ದುತ್ತಲೇ ಇದ್ದರು. ಜರ್ಮನಿಯ ಬೋರಿಂಗರ್ ಮ್ಯಾನ್‌ಹೈಮ್ ಕಂಪನಿಯ ಗೆರ್ಹಾರ್ಡ್ ಮಿಶಾಲ್ ಅವರ ಬೃಹತ್ ಗೋಡೆನಕ್ಷೆ ಮೊದಲು ಹೊರಬಂದದ್ದು 1965ರಲ್ಲಿ. ಕಂಪನಿಯನ್ನು ರೋಶ್ ಸಂಸ್ಥೆ ಕೊಂಡ ಮೇಲೆ ಆ ನಕ್ಷೆ ಅಂತರಜಾಲಕ್ಕೂ ಬಂತು. ದೊಡ್ಡ ನಗರವೊಂದರ ರಸ್ತೆಗಳನ್ನೆಲ್ಲ ಒಂದೇ ಹಾಳೆಯಲ್ಲಿ ಅಚ್ಚೊತ್ತಿದಂತಿರುವ ಆ ಚಿತ್ರವನ್ನು ಜಗತ್ತಿನ ಅನೇಕ ಪ್ರಯೋಗಾಲಯಗಳ ಗೋಡೆಗಳಲ್ಲಿ ಕಾಣಬಹುದು. ಅದನ್ನು ಪೂರ್ತಿ ಓದಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಗೋಡೆನಕ್ಷೆಗೆ ಒಂದು ಮಿತಿಯಿತ್ತು. ಅದು ಎಲ್ಲ ಜೀವಿಗಳ ಕ್ರಿಯೆಗಳನ್ನೂ ಒಟ್ಟಿಗೆ ತೋರಿಸಬಲ್ಲದೇ ಹೊರತು, ಇಂತಹ ಬ್ಯಾಕ್ಟೀರಿಯಾದಲ್ಲಿ ಯಾವ ದಾರಿ ತೆರೆದಿದೆ, ಯಾವುದು ಇಲ್ಲವೇ ಇಲ್ಲ ಎಂಬುದನ್ನು ಬೇಕೆಂದಾಗ ಬೇರ್ಪಡಿಸಿ ತೋರಿಸಲಾರದು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಮಿನೋರು ಕನೆಹಿಸಾ ಅವರು 1995ರಲ್ಲಿ ಆರಂಭಿಸಿದ 'ಕೆಗ್' ದತ್ತಸಂಚಯ ಈ ಕೊರತೆಯನ್ನು ನೀಗಿತು. ಅಲ್ಲಿಯ ನಕ್ಷೆಗಳನ್ನು ತಜ್ಞರು ಕೈಯಾರೆ ಬರೆದಿದ್ದಾರೆ. ಆದರೆ ಪ್ರತಿ ಚೌಕದ ಹಿಂದೆ ಒಂದು ಕಿಣ್ವದ, ಪ್ರತಿ ವೃತ್ತದ ಹಿಂದೆ ಒಂದು ರಾಸಾಯನಿಕದ ಗುರುತು ಅಡಗಿದೆ. ಒಂದು ಜೀವಿಯ ವಂಶವಾಹಿಗಳ ಪಟ್ಟಿ ಕೊಟ್ಟರೆ ಸಾಕು, ಅದರಲ್ಲಿರುವ ಕಿಣ್ವಗಳ ಚೌಕಗಳಿಗೆ ಬಣ್ಣ ಬರುತ್ತದೆ, ಇಲ್ಲದವು ಬಿಳಿಯಾಗಿಯೇ ಉಳಿಯುತ್ತವೆ. ಸತ್ತ ಚಿತ್ರ ಜೀವಂತವಾದದ್ದು ಈ ಗುರುತುಗಳಿಂದ, ಬಣ್ಣಗಳಿಂದಲ್ಲ.

ಒಂದೇ ಬಾಣ, ಹಲವು ಮಾತು

ಪಥದ ಚಿತ್ರದಲ್ಲಿ ಅತ್ಯಂತ ಸರಳವಾಗಿ ಕಾಣುವ ವಸ್ತು ಬಾಣ. ಅತ್ಯಂತ ಮೋಸಗಾರ ವಸ್ತುವೂ ಅದೇ. ಗ್ಲೂಕೋಸಿನಿಂದ ಗ್ಲೂಕೋಸ್-6-ಫಾಸ್ಫೇಟಿಗೆ ಎಳೆದ ಬಾಣದ ಅರ್ಥ, ಇದು ಅದಾಗಿ ಮಾರ್ಪಡುತ್ತದೆ ಎಂದು. ಇನ್ಸುಲಿನ್ನಿನಿಂದ ಗ್ರಾಹಕಕ್ಕೆ ಎಳೆದ ಬಾಣಕ್ಕೆ ಆ ಅರ್ಥವಿಲ್ಲ. ಇನ್ಸುಲಿನ್ ಗ್ರಾಹಕವಾಗಿ ಮಾರ್ಪಡುವುದಿಲ್ಲ, ಅದಕ್ಕೆ ಅಂಟಿಕೊಂಡು ಅದನ್ನು ಎಚ್ಚರಿಸುತ್ತದೆ. ಇನ್ನೊಂದೆಡೆ ಅದೇ ಬಾಣ 'ಇಲ್ಲಿಂದ ಅಲ್ಲಿಗೆ ಚಲಿಸುತ್ತದೆ' ಎಂದು ಹೇಳುತ್ತಿರುತ್ತದೆ, ಮತ್ತೊಂದೆಡೆ 'ಈ ವಂಶವಾಹಿಯನ್ನು ಚಾಲೂ ಮಾಡುತ್ತದೆ' ಎಂದು. ತಿಳಿದವರು ಸಂದರ್ಭದಿಂದ ಅರ್ಥ ಮಾಡಿಕೊಳ್ಳುತ್ತಾರೆ. ವಿದ್ಯಾರ್ಥಿ ತಡವರಿಸುತ್ತಾನೆ. ಗಣಕಯಂತ್ರಕ್ಕೆ ಅರ್ಥವೇ ಆಗುವುದಿಲ್ಲ.

ಇನ್ಸುಲಿನ್ ಪಥದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಸ್ನಾಯುಕೋಶವು ಒಳಗೆ ಬಂದ ಗ್ಲೂಕೋಸಿನ ಒಂದು ಪಾಲನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ. ಕೂಡಿಡುವ ಕಿಣ್ವವನ್ನು ಸಾಮಾನ್ಯ ಸಮಯದಲ್ಲಿ ಜಿಎಸ್‌ಕೆ-3 ಎಂಬ ಪ್ರೊಟೀನು ತಡೆಹಿಡಿದಿರುತ್ತದೆ. ಇನ್ಸುಲಿನ್ನಿನ ಸುದ್ದಿ ಬಂದಾಗ ಎಕೆಟಿ ಎಂಬ ಇನ್ನೊಂದು ಪ್ರೊಟೀನು ಜಿಎಸ್‌ಕೆ-3ಕ್ಕೆ ಫಾಸ್ಫೇಟ್ ಗುಂಪೊಂದನ್ನು ಅಂಟಿಸಿ ಅದನ್ನು ಸುಮ್ಮನಾಗಿಸುತ್ತದೆ. ತಡೆಯುವವನನ್ನೇ ತಡೆದಾಗ ಕೆಲಸ ಮುಂದೆ ಸಾಗುತ್ತದೆ. ಋಣವನ್ನು ಋಣದಿಂದ ಗುಣಿಸಿದರೆ ಧನ ಬಂದಂತೆ. ಈ ಎರಡೂ ಸಂಬಂಧಗಳನ್ನು ತುದಿಯಲ್ಲಿ ಅಡ್ಡಪಟ್ಟಿಯಿರುವ ಗೆರೆಯಿಂದ ತೋರಿಸಬೇಕು. ಅವಸರದಲ್ಲಿ ಒಂದು ಅಡ್ಡಪಟ್ಟಿ ಬಾಣದ ಮೊನೆಯಾಯಿತೆನ್ನಿ, ಇನ್ಸುಲಿನ್ ಗ್ಲೈಕೋಜೆನ್ ಸಂಗ್ರಹವನ್ನು ನಿಲ್ಲಿಸುತ್ತದೆ ಎಂಬ ತಲೆಕೆಳಗಾದ ಪಾಠ ಸಿದ್ಧವಾಗುತ್ತದೆ. ಆ ನಕ್ಷೆಯನ್ನು ಆಧರಿಸಿ ಗಣಕಯಂತ್ರವು ಔಷಧಿಯೊಂದರ ಪರಿಣಾಮವನ್ನು ಲೆಕ್ಕ ಹಾಕಿದರೆ ಉತ್ತರವೂ ತಲೆಕೆಳಗಾಗಿಯೇ ಬರುತ್ತದೆ. ಮನೋರೋಗ ಚಿಕಿತ್ಸೆಯಲ್ಲಿ ಬಳಸುವ ಲಿಥಿಯಂ ಕೂಡ ಜಿಎಸ್‌ಕೆ-3ನ್ನು ತಡೆಯಬಲ್ಲ ವಸ್ತು ಎಂಬುದನ್ನು ನೆನೆದರೆ, ಇದು ಕೇವಲ ಚಿತ್ರಕಲೆಯ ಪ್ರಶ್ನೆಯಲ್ಲವೆಂಬುದು ಸ್ಪಷ್ಟವಾದೀತು.

ವಿದ್ಯುತ್ ಮಂಡಲದ ಚಿತ್ರಗಳಿಗೆ ಹಿಂದಿನಿಂದಲೂ ನಿಶ್ಚಿತ ಚಿಹ್ನೆಗಳಿವೆ. ಟೋಕಿಯೋದಲ್ಲಿ ಬರೆದದ್ದನ್ನು ಬರ್ಲಿನ್ನಿನ ಎಂಜಿನಿಯರ್ ತಪ್ಪಿಲ್ಲದೆ ಓದುತ್ತಾನೆ. ಜೀವವಿಜ್ಞಾನದಲ್ಲಿ ಅಂತಹ ಒಪ್ಪಂದದ ಪ್ರಯತ್ನ ಬಹಳ ತಡವಾಗಿ ನಡೆಯಿತು. ಅಮೆರಿಕದ ಕರ್ಟ್ ಕೋನ್ 1999ರಲ್ಲಿ ಒಂದು ಚಿಹ್ನಾಪದ್ಧತಿ ಸೂಚಿಸಿದರು. ಜಪಾನಿನ ಹಿರೋಆಕಿ ಕಿಟಾನೊ 2003ರಲ್ಲಿ ಮತ್ತೊಂದನ್ನು. ಈ ಯತ್ನಗಳ ಅನುಭವವನ್ನೆಲ್ಲ ಒಟ್ಟುಗೂಡಿಸಿ 2009ರಲ್ಲಿ 'ಸಿಸ್ಟಮ್ಸ್ ಬಯಾಲಜಿ ಗ್ರಾಫಿಕಲ್ ನೊಟೇಶನ್', ಅಂದರೆ ಎಸ್‌ಬಿಜಿಎನ್, ಪ್ರಕಟವಾಯಿತು. ಇದರಲ್ಲಿ ಪ್ರೊಟೀನಿಗೆ ಮೂಲೆ ದುಂಡಗಿನ ಆಯತ, ಸಣ್ಣ ರಾಸಾಯನಿಕಕ್ಕೆ ವೃತ್ತ, ಕ್ರಿಯೆಗೆ ಪುಟ್ಟ ಚೌಕ. ಕಿಣ್ವವು ಕ್ರಿಯೆಯನ್ನು ವೇಗಗೊಳಿಸುವುದನ್ನು ತೋರಿಸುವ ಗೆರೆಯ ತುದಿಯಲ್ಲಿ ಉಂಗುರ, ತಡೆಯುವ ಗೆರೆಯ ತುದಿಯಲ್ಲಿ ಅಡ್ಡಪಟ್ಟಿ. ಫಾಸ್ಫೇಟ್ ಅಂಟಿದ ಪ್ರೊಟೀನನ್ನೂ ಅಂಟದಿರುವುದನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕೆಂಬುದು ಅದರ ವಿಸ್ತೃತ ಶೈಲಿಯ ಕಟ್ಟಳೆ. ಇದರಿಂದ ಚಿತ್ರ ದೊಡ್ಡದಾಗುತ್ತದೆ, ನೋಡಲು ಶುಷ್ಕವೂ ಹೌದು. ಪಠ್ಯಪುಸ್ತಕದ ಮುಖಪುಟಕ್ಕೆ ಅದು ಒಗ್ಗಲಾರದು. ಸಂಕ್ಷೇಪವಾಗಿ ಪ್ರಭಾವಗಳನ್ನಷ್ಟೇ ತೋರಿಸಬೇಕೆನ್ನುವವರಿಗೆ ಅದೇ ಪದ್ಧತಿಯಲ್ಲಿ ಬೇರೊಂದು ಹಗುರವಾದ ಶೈಲಿಯೂ ಉಂಟು.

ಮುಟ್ಟಿದಂತೆ ಕಾಣುವ ಗೆರೆ

ತಂತ್ರಾಂಶಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ಕಾಣಬಹುದು. ಚಿತ್ರ ಬಿಡಿಸುವವು ಒಂದು ಬಗೆ, ಸಂಬಂಧ ದಾಖಲಿಸುವವು ಇನ್ನೊಂದು. ಪವರ್‌ಪಾಯಿಂಟ್, ಇಲ್ಲಸ್ಟ್ರೇಟರ್, ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್ ಮೊದಲ ಬಗೆಗೆ ಸೇರಿದವು. ಕೆನಡಾದಲ್ಲಿ 2017ರಲ್ಲಿ ಆರಂಭವಾದ ಬಯೋರೆಂಡರ್ ಕೂಡ ಇದೇ ಸಾಲಿನದು. ಸಿದ್ಧ ಚಿತ್ರಗಳ ಸಮೃದ್ಧ ಭಂಡಾರದಿಂದಾಗಿ ಬಹುಬೇಗ ಜನಪ್ರಿಯವಾಯಿತು, ಪತ್ರಿಕೆಯಲ್ಲಿ ಪ್ರಕಟಿಸಲು ಹಣ ತೆತ್ತು ಪರವಾನಗಿ ಪಡೆಯಬೇಕು. ಇವುಗಳಿಂದ ಸುಂದರ ಚಿತ್ರ ಹುಟ್ಟುತ್ತದೆ, ಆದರೆ ಆ ಚಿತ್ರಕ್ಕೆ ತನ್ನೊಳಗೆ ಏನಿದೆ ಎಂಬುದು ತಿಳಿದಿರುವುದಿಲ್ಲ.

ಎರಡನೆಯ ಬಗೆಯಲ್ಲಿ ಕಲಿಯಲು ಸುಲಭವಾದದ್ದು ಪಾತ್‌ವಿಸಿಯೊ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಬಳಗ ಇದನ್ನು ರೂಪಿಸಿತು. ಜಾವಾ ಇರುವ ಯಾವ ಗಣಕಯಂತ್ರದಲ್ಲಾದರೂ ಉಚಿತವಾಗಿ ನಡೆಯುತ್ತದೆ. ಇಲ್ಲಿ ಒಂದು ಆಯತ ಇಟ್ಟು 'ಎಕೆಟಿ1' ಎಂದು ಬರೆದರೆ ಸಾಲದು. ಅದು ಪ್ರೊಟೀನೋ ರಾಸಾಯನಿಕವೋ ಎಂದು ಹೇಳಬೇಕು, ಯೂನಿಪ್ರಾಟ್ ದತ್ತಸಂಚಯದಲ್ಲಿ ಅದಕ್ಕಿರುವ ಪಿ31749 ಎಂಬಂತಹ ಗುರುತುಸಂಖ್ಯೆಯನ್ನು ಕೊಡಬೇಕು. ಹೆಸರೊಂದರಿಂದಲೇ ಕೆಲಸವಾಗದೇ ಎಂದು ಕೇಳಬಹುದು. ಆಗದು. ಈ ಪ್ರೊಟೀನನ್ನೇ ಕೆಲವರು ಪಿಕೆಬಿ ಎಂದು ಕರೆಯುತ್ತಾರೆ. ಒಂದೇ ಸಂಕ್ಷೇಪನಾಮ ಎರಡು ಬೇರೆ ಪ್ರೊಟೀನುಗಳಿಗೆ ಇರುವ ಪ್ರಸಂಗಗಳೂ ಅಪರೂಪವಲ್ಲ.

ಬಾಣದ ವಿಷಯದಲ್ಲಿ ಪಾತ್‌ವಿಸಿಯೊ ಇನ್ನೂ ಕಟ್ಟುನಿಟ್ಟು ಬೇಡುತ್ತದೆ. ಗೆರೆಯ ತುದಿ ಆಯತವನ್ನು ಮುಟ್ಟಿದಂತೆ ಕಣ್ಣಿಗೆ ಕಂಡರೂ ಅದಕ್ಕೆ ಬೆಸೆದುಕೊಂಡಿರದಿದ್ದರೆ, ಕಡತದಲ್ಲಿ ಆ ಸಂಬಂಧ ಇಲ್ಲವೇ ಇಲ್ಲ. ಆಯತವನ್ನು ಸ್ವಲ್ಪ ಸರಿಸಿ ನೋಡಿದರೆ ಗುಟ್ಟು ರಟ್ಟಾಗುತ್ತದೆ: ಬೆಸೆದ ಗೆರೆ ಜೊತೆಗೆ ಬರುತ್ತದೆ, ಬೆಸೆಯದ ಗೆರೆ ಅನಾಥವಾಗಿ ಅಲ್ಲೇ ಉಳಿಯುತ್ತದೆ. ಕಿಣ್ವವನ್ನು ತೋರಿಸುವುದು ಇನ್ನಷ್ಟು ಸೂಕ್ಷ್ಮದ ಕೆಲಸ. ಹೆಕ್ಸೊಕೈನೇಸ್ ಕಿಣ್ವವು ಗ್ಲೂಕೋಸನ್ನಾಗಲಿ ಅದರಿಂದ ಹುಟ್ಟುವ ವಸ್ತುವನ್ನಾಗಲಿ ಸೂಚಿಸುತ್ತಿಲ್ಲ, ಅವೆರಡರ ನಡುವಿನ ಕ್ರಿಯೆಯನ್ನು ಸೂಚಿಸುತ್ತಿದೆ. ಆದ್ದರಿಂದ ಗೆರೆಯ ನಡುವೆ ಒಂದು ಕೊಂಡಿಬಿಂದುವನ್ನು ಇಟ್ಟು, ಕಿಣ್ವದಿಂದ ಬರುವ ಎರಡನೆಯ ಗೆರೆಯನ್ನು ಅಲ್ಲಿಗೆ ಬೆಸೆಯಬೇಕು. ಹೊಸದಾಗಿ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಹೀಗೆ ಸಿದ್ಧವಾದ ಕಡತಗಳನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ವಿಕಿಪಾಥ್‌ವೇಸ್ ಎಂಬ ಸಾರ್ವಜನಿಕ ಭಂಡಾರ 2008ರಿಂದ ಜಗತ್ತಿಗೆ ಪರಿಚಿತವಾಗಿದೆ.

ಉಳಿದವುಗಳ ಉದ್ದೇಶ ತುಸು ಬೇರೆ. ಕಿಟಾನೊ ಬಳಗದ ಸೆಲ್‌ಡಿಸೈನರ್ ಚಿತ್ರದ ಜೊತೆಗೆ ಕ್ರಿಯೆಗಳ ವೇಗದ ಸಮೀಕರಣಗಳನ್ನೂ ಕಡತದಲ್ಲಿ ಇಡುತ್ತದೆ. ಕಾಲಕ್ರಮದಲ್ಲಿ ಯಾವ ವಸ್ತು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಬಹುದು. 2003ರಲ್ಲಿ ಪ್ರಕಟವಾದ ಸೈಟೋಸ್ಕೇಪ್ ದೊಡ್ಡ ಜಾಲಗಳಿಗೆ ಸರಿ, ಅಚ್ಚುಕಟ್ಟಾದ ಪಾಠದ ಚಿತ್ರಕ್ಕೆ ಅಷ್ಟಾಗಿ ಅಲ್ಲ. ಚಯಾಪಚಯ ಪಥಗಳಲ್ಲಿ ವಸ್ತುವಿನ ಹರಿವನ್ನು ಗೆರೆಯ ದಪ್ಪದಿಂದ ತೋರಿಸಬೇಕೆನ್ನುವವರಿಗೆ ಎಶರ್ ಇದೆ. ರಿಯಾಕ್ಟೋಮ್ ದತ್ತಸಂಚಯದಲ್ಲಿ ಪ್ರತಿ ಕ್ರಿಯೆಯ ಹಿಂದೆಯೂ ಆಧಾರವಾದ ಸಂಶೋಧನಾ ಪ್ರಬಂಧದ ಉಲ್ಲೇಖವಿರುತ್ತದೆ. ಬರೆಯುವ ಮೊದಲು ಅಲ್ಲೊಮ್ಮೆ ಹುಡುಕುವುದು ಜಾಣತನ. ಬೇಕಾದ ಪಥ ಆಗಲೇ ಸಿದ್ಧವಿರುವ ಸಂಭವ ಹೆಚ್ಚು.

ಬೆಂಗಳೂರಿನ ಪಾಲು

ಈ ಕ್ಷೇತ್ರದಲ್ಲಿ ಬೆಂಗಳೂರಿನ ಕೊಡುಗೆ ಸಣ್ಣದಲ್ಲ. ವೈಟ್‌ಫೀಲ್ಡಿನ ಅಂತರರಾಷ್ಟ್ರೀಯ ತಂತ್ರಜ್ಞಾನ ಉದ್ಯಾನದಲ್ಲಿ 2002ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳೊಡನೆ ಸೇರಿ 'ನೆಟ್‌ಪಾಥ್' ಎಂಬ ಸಂಕೇತ ಪಥಗಳ ಸಂಗ್ರಹವನ್ನು ಕಟ್ಟಿತು. 2010ರಲ್ಲಿ ಅದರ ವಿವರ ಪ್ರಕಟವಾದಾಗ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ 10 ಮತ್ತು ಕ್ಯಾನ್ಸರಿಗೆ ಸಂಬಂಧಿಸಿದ 10 ಪಥಗಳು ಅದರಲ್ಲಿದ್ದವು. ಪ್ರಬಂಧಗಳನ್ನು ಒಂದೊಂದಾಗಿ ಓದಿ, ಯಾವ ಪ್ರೊಟೀನು ಯಾವುದನ್ನು ಮುಟ್ಟುತ್ತದೆ ಎಂಬುದನ್ನು ಮನುಷ್ಯರೇ ಹೆಕ್ಕಿ ದಾಖಲಿಸಿದ ಶ್ರಮ ಅದು. ಹೆಕ್ಕಿದ್ದೆಲ್ಲವನ್ನೂ ಚಿತ್ರಿಸಿದರೆ ಕಣ್ಣಿಗೆ ಗೋಜಲು. ಹಾಗಾಗಿ ಬಲವಾದ ಆಧಾರವಿರುವ ಸಂಬಂಧಗಳನ್ನಷ್ಟೇ ಉಳಿಸಿಕೊಂಡ 'ನೆಟ್‌ಸ್ಲಿಮ್' ನಕ್ಷೆಗಳು 2011ರಲ್ಲಿ ಬಂದವು. ಅವುಗಳನ್ನು ಬರೆಯಲು ಆರಿಸಿಕೊಂಡದ್ದು ಪಾತ್‌ವಿಸಿಯೊ ತಂತ್ರಾಂಶವನ್ನೇ.

ಚಿತ್ರದಲ್ಲೇ ಸೆರೆಯಾದ ಜ್ಞಾನ

ಇಷ್ಟೆಲ್ಲ ಸಾಧನಗಳಿದ್ದರೂ ಸಂಶೋಧಕರು ತಮ್ಮ ಪಥಗಳನ್ನು ಬಹುಮಟ್ಟಿಗೆ ಬರಿಯ ಚಿತ್ರಗಳಾಗಿಯೇ ಪ್ರಕಟಿಸುತ್ತಾರೆ. ಇದರ ಪ್ರಮಾಣ ಎಷ್ಟೆಂಬುದನ್ನು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 1995ರಿಂದ 2019ರವರೆಗಿನ ಪ್ರಬಂಧಗಳನ್ನು ಜಾಲಾಡಿ 64,643 ಪಥಚಿತ್ರಗಳನ್ನು ಗುರುತಿಸಲಾಯಿತು. ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರದಿಂದ ಓದಿಸಿದಾಗ 13,464 ಬೇರೆ ಬೇರೆ ಮಾನವ ವಂಶವಾಹಿಗಳ ಹೆಸರು ಸಿಕ್ಕವು. ಹೆಸರುಗಳು ಸಿಕ್ಕವು, ನಿಜ; ಅವುಗಳ ನಡುವಿನ ಬಾಣಗಳನ್ನು ಅಷ್ಟೇ ಭರವಸೆಯಿಂದ ಓದಿಸುವುದು ಬಹಳ ಕಷ್ಟ. ಬರೆಯುವಾಗಲೇ ಬೆಸೆದಿದ್ದರೆ ಈ ಉತ್ಖನನದ ಅಗತ್ಯವೇ ಬೀಳುತ್ತಿರಲಿಲ್ಲ.

ಕೋವಿಡ್ ಕಾಲದಲ್ಲಿ ಇದಕ್ಕೆ ವ್ಯತಿರಿಕ್ತವಾದ ಪ್ರಯತ್ನವೊಂದು ನಡೆಯಿತು. ವೈರಾಣುವು ಮಾನವ ಜೀವಕೋಶದಲ್ಲಿ ಮಾಡುವ ಉತ್ಪಾತಗಳನ್ನೆಲ್ಲ ದಾಖಲಿಸುವ 'ಕೋವಿಡ್-19 ಡಿಸೀಸ್ ಮ್ಯಾಪ್' ಯೋಜನೆಯಲ್ಲಿ 2021ರ ವೇಳೆಗೆ 30 ದೇಶಗಳ ಸುಮಾರು 230 ಮಂದಿ ಕೈಜೋಡಿಸಿದ್ದರು. ಕೆಲವರು ಸೆಲ್‌ಡಿಸೈನರ್‌ನಲ್ಲಿ, ಕೆಲವರು ವಿಕಿಪಾಥ್‌ವೇಸ್‌ನಲ್ಲಿ, ಇನ್ನು ಕೆಲವರು ರಿಯಾಕ್ಟೋಮ್‌ನಲ್ಲಿ ಬರೆದರು. ಗುರುತುಸಂಖ್ಯೆ ಮತ್ತು ಚಿಹ್ನೆಗಳ ಬಗ್ಗೆ ಒಪ್ಪಂದವಿದ್ದುದರಿಂದ ಬೇರೆ ಬೇರೆ ಕಡೆ ಬರೆದದ್ದನ್ನು ಒಟ್ಟಿಗೆ ವಿಶ್ಲೇಷಿಸಲು ಸಾಧ್ಯವಾಯಿತು.

ಇನ್ನೊಂದು ತುದಿಯ ಪ್ರಸಂಗವೂ ದಾಖಲಾಗಿದೆ. 2024ರ ಫೆಬ್ರುವರಿಯಲ್ಲಿ 'ಫ್ರಾಂಟಿಯರ್ಸ್ ಇನ್ ಸೆಲ್ ಅಂಡ್ ಡೆವಲಪ್‌ಮೆಂಟಲ್ ಬಯಾಲಜಿ' ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದರ ಚಿತ್ರಗಳನ್ನು ಮಿಡ್‌ಜರ್ನಿ ಎಂಬ ಕೃತಕ ಬುದ್ಧಿಮತ್ತೆಯ ಸಾಧನದಿಂದ ಬರೆಯಿಸಲಾಗಿತ್ತು. ಅಂಗರಚನೆಯೇ ಹದತಪ್ಪಿದ ಇಲಿಯ ಚಿತ್ರ ಜಗತ್ತಿನಾದ್ಯಂತ ನಗೆಪಾಟಲಾಯಿತು. ಅದರ ಪಕ್ಕದಲ್ಲಿದ್ದ ಜ್ಯಾಕ್-ಸ್ಟ್ಯಾಟ್ ಸಂಕೇತ ಪಥದ ನಕ್ಷೆಗೆ ಅಷ್ಟು ಪ್ರಚಾರ ಸಿಗಲಿಲ್ಲ. ಬಣ್ಣ, ಉರುಟು, ಬಾಣ ಎಲ್ಲವೂ ಇದ್ದ ಆ ನಕ್ಷೆಯ ಹೆಸರುಪಟ್ಟಿಗಳು ಯಾವ ಭಾಷೆಯ ಪದಗಳೂ ಆಗಿರಲಿಲ್ಲ, ಬಾಣಗಳು ಯಾವ ಕ್ರಿಯೆಯನ್ನೂ ಸೂಚಿಸುತ್ತಿರಲಿಲ್ಲ. ಪತ್ರಿಕೆಯು ಕೆಲವೇ ದಿನಗಳಲ್ಲಿ ಆ ಪ್ರಬಂಧವನ್ನು ಹಿಂಪಡೆಯಿತು.