ರಾಗಿಯ ರೊಟ್ಟಿಯೂ ಶಾಲೆಯ ಪಂಕ್ತಿಯೂ

ಮಕ್ಕಳಿಗೆ ಉಣ್ಣುವುದನ್ನು ಕಲಿಸುವವರು ಯಾರು? ತಾಯಿಯೆ, ವೈದ್ಯನೆ, ಪಾಠದ ಪುಸ್ತಕವೆ? ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಬಾಲಕರ ನಡುವೆ ಕಳೆದ ನನಗೆ ತೋರಿದ ಉತ್ತರವು ಬೇರೆಯಾಗಿದೆ. ಮಗುವು ಉಣ್ಣುವುದನ್ನು ಕಲಿಯುವುದು ಪಂಕ್ತಿಯಲ್ಲಿ. ಪಕ್ಕದಲ್ಲಿ ಕುಳಿತವರು ಯಾವುದನ್ನು ಆದರದಿಂದ ಉಣ್ಣುವರೋ ಅದನ್ನೇ ತಾನೂ ಬೇಡುವುದು. ಹಿರಿಯರು ಯಾವುದನ್ನು ಕೀಳೆಂದು ಸರಿಸುವರೋ ಅದನ್ನು ತಾನೂ ಸರಿಸುವುದು. ಚೌಳಹಿರಿಯೂರನ್ನೊಳಗೊಂಡ ನಮ್ಮ ಕಡೂರು ಸೀಮೆಯಲ್ಲಿ ರಾಗಿಗೆ ಬಂದ ಏಳುಬೀಳುಗಳೇ ಇದಕ್ಕೆ ದೃಷ್ಟಾಂತವೆಂದು ನಾನು ಭಾವಿಸಿದ್ದೇನೆ.

ನಮ್ಮ ಪೂರ್ವಿಕರು ಶಿಶುವಿನ ಆಹಾರವನ್ನು ಅಲಕ್ಷ್ಯ ಮಾಡಿದವರಲ್ಲ. ಆರನೆಯ ತಿಂಗಳಲ್ಲಿ ಲಘುವೂ ಹಿತವೂ ಆದ ಅನ್ನವನ್ನು ಮೊದಲು ಕೊಡಬೇಕೆಂದು ಸುಶ್ರುತನು ವಿಧಿಸಿದನು. ಮೊಲೆಹಾಲು ಬಿಟ್ಟ ಮಗುವಿಗೆ ಅರಳು, ಕಲ್ಲುಸಕ್ಕರೆ, ಜೇನು ಮುಂತಾದವನ್ನು ಕೂಡಿಸಿದ ಉಂಡೆಯನ್ನು ವಾಗ್ಭಟನ ಅಷ್ಟಾಂಗಹೃದಯವು ಹೇಳುತ್ತದೆ. ಗ್ರಂಥಗಳನ್ನು ಓದದ ನಮ್ಮ ಹಳ್ಳಿಯ ತಾಯಂದಿರೂ ಇದಕ್ಕೆ ಹಿಂದುಳಿಯಲಿಲ್ಲ. ರಾಗಿಯನ್ನು ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿತ ಮಾಡಿ ಅವರು ಕಾಯಿಸುತ್ತಿದ್ದ ಸರಿಯು ಶಾಸ್ತ್ರಕ್ಕೆ ಸರಿದೂಗುವಂಥದು. ಮೊಳಕೆಯೊಡೆದಾಗ ಧಾನ್ಯದ ಪಿಷ್ಟವು ಒಡೆದು ಸುಲಭವಾಗಿ ಜೀರ್ಣವಾಗುವುದೆಂದೂ, ಕಬ್ಬಿಣದ ಅಂಶವನ್ನು ಹಿಡಿದಿಟ್ಟಿರುವ ಫೈಟೇಟೆಂಬ ವಸ್ತುವು ಕಡಿಮೆಯಾಗಿ ಆ ಅಂಶವು ಶರೀರಕ್ಕೆ ಹೆಚ್ಚಾಗಿ ದಕ್ಕುವುದೆಂದೂ ಆಧುನಿಕ ವಿಜ್ಞಾನವು ತಿಳಿಸುತ್ತದೆ.

ರಾಗಿಯು ಮೊದಲು ಆಫ್ರಿಕಖಂಡದ ಎತ್ತರದ ನಾಡುಗಳಲ್ಲಿ ಬೆಳೆದು ಅನಂತರ ಇಲ್ಲಿಗೆ ಬಂದುದು; ಆದರೂ ಮಳೆ ಕಡಿಮೆಯಾದ ನಮ್ಮ ಬಯಲಿಗೆ ಇದಕ್ಕಿಂತ ನೆಂಟನಾದ ಧಾನ್ಯವಿಲ್ಲ. ಹುಳು ಹಿಡಿಯದೆ ಹಗೇವಿನಲ್ಲಿ ವರ್ಷಾಂತರಗಳವರೆಗೆ ಉಳಿಯುವುದು ಇದರ ಗುಣ. ಆ ಗುಣದ ಬೆಲೆಯನ್ನು ಈ ನಾಡು ಕ್ಷಾಮಗಳಲ್ಲಿ ಅರಿತಿತು. 1876ರಿಂದ 1878ರವರೆಗಿನ ಮಹಾಕ್ಷಾಮದ ಕಥೆಯನ್ನು ವಾಚಕರು ಕೇಳಿರಬಹುದು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು 50 ಲಕ್ಷವನ್ನು ಮೀರಿದ್ದಿತು. 1881ರಲ್ಲಿ ಅದು 42 ಲಕ್ಷಕ್ಕೂ ಕಡಿಮೆಯಾಗಿದ್ದಿತು. ಹಗೇವು ಬರಿದಾದರೆ ಮೊದಲು ಮರೆಯಾಗುವವರು ಮುದುಕರೂ ಮಕ್ಕಳೂ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಉಪಕಾರ ಮಾಡಿದ ಧಾನ್ಯಕ್ಕೆ ಗೌರವವು ಮಾತ್ರ ದೊರೆಯಲಿಲ್ಲ. ಅಕ್ಕಿಯು ಹಬ್ಬದ ಅನ್ನವೆಂದೂ ರಾಗಿಯು ದುಡಿವವರ ಹಿಟ್ಟೆಂದೂ ಭೇದವು ಬೆಳೆಯಿತು. ಈ ಭೇದವು ಹೊಸದಲ್ಲ. ಕನಕದಾಸರು ರಾಮಧಾನ್ಯ ಚರಿತ್ರೆಯೆಂಬ ಕಾವ್ಯವನ್ನು ರಚಿಸಿದುದೇ ಇದನ್ನು ಕುರಿತು. ಭತ್ತವೂ ನರೆದಲಗವೆಂಬ ರಾಗಿಯೂ ಹಿರಿಮೆಗಾಗಿ ವಾದಿಸಲು, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ಭತ್ತವು ಕೆಟ್ಟಿರುತ್ತದೆ, ರಾಗಿಯು ಗಟ್ಟಿಯಾಗಿ ನಿಂತಿರುತ್ತದೆ. ರಾಘವನು ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಇಲ್ಲಿ ನನ್ನದೇ ಒಂದು ಅಪರಾಧವನ್ನು ಹೇಳದೆ ಮುಂದುವರಿಯಲಾರೆ. ಸುಮಾರು 1990ರ ಕಾಲ. ಶಾಲೆಯಲ್ಲಿ ಇನ್ನೂ ಬಿಸಿಯೂಟವಿಲ್ಲ. ಈ ಕಾವ್ಯದ ಕಥೆಯನ್ನು ನಾನು ತರಗತಿಯಲ್ಲಿ ಬಹಳ ರಸವತ್ತಾಗಿ ಹೇಳಿದ್ದೆನು. ಅದೇ ವಾರ ಒಂದು ಮಧ್ಯಾಹ್ನ ಹೊಂಗೆಯ ಮರದ ಹಿಂದೆ ಒಬ್ಬ ಹುಡುಗನು ಡಬ್ಬಿಯನ್ನು ಕೈಯಿಂದ ಮರೆಮಾಡಿಕೊಂಡು ತಿನ್ನುತ್ತಿದ್ದನು. ಒಳಗಿದ್ದುದು ರಾಗಿಯ ರೊಟ್ಟಿ, ಸ್ವಲ್ಪ ಹುಚ್ಚೆಳ್ಳಿನ ಪುಡಿ. "ಇದೇನಪ್ಪ, ಕಲ್ಲಿನಂಥ ರೊಟ್ಟಿ!" ಎಂದು ನಾನು ವಿನೋದಕ್ಕಾಗಿ ಅಂದೆನು. ಚಿತ್ರಾನ್ನದ ಡಬ್ಬಿಗಳ ಮುಂದೆ ಕುಳಿತಿದ್ದವರೆಲ್ಲರೂ ನಕ್ಕರು. ಮರುದಿನದಿಂದ ಆ ಹುಡುಗನು ಡಬ್ಬಿಯನ್ನೇ ತರಲಿಲ್ಲ. ಕೇಳಿದರೆ "ಹಸಿವಿಲ್ಲ ಸಾ" ಎನ್ನುತ್ತಿದ್ದನು. ನಮ್ಮ ಮನೆಯಲ್ಲಿ ರಾಗಿಯು ಆಳುಗಳ ಊಟವೆಂದೇ ಎಣಿಕೆಯಾಗಿತ್ತು. ಪಾಠಶಾಲೆಯ ವಿದ್ಯೆಯೂ ಆ ಎಣಿಕೆಯನ್ನು ನನ್ನಿಂದ ತೆಗೆದಿರಲಿಲ್ಲ. ಬಾಯಿಯಿಂದ ಕನಕದಾಸರನ್ನು ಕಲಿಸಿದೆನು. ನಡತೆಯಿಂದ ಅದಕ್ಕೆ ವಿರುದ್ಧವಾದುದನ್ನು ಕಲಿಸಿದೆನು. ಮಕ್ಕಳು ಎರಡನೆಯದನ್ನೇ ಕಲಿತರು.

ಪಂಕ್ತಿಯನ್ನು ಸಮಮಾಡಿದುದು ಶಾಲೆಯ ಬಿಸಿಯೂಟ. 1995ರ ಆಗಸ್ಟ್ 15ರಂದು ರಾಷ್ಟ್ರೀಯ ಯೋಜನೆಯು ಆರಂಭವಾದಾಗ ನಮ್ಮಲ್ಲಿ ಮಕ್ಕಳ ಮನೆಗೆ ತಿಂಗಳಿಗೆ 3 ಕಿಲೋ ಅಕ್ಕಿಯನ್ನು ಕೊಡುತ್ತಿದ್ದರು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆಜ್ಞಾಪಿಸಿತು. ಕರ್ನಾಟಕ ಸರ್ಕಾರವು 2002ರಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹವನ್ನು ಆರಂಭಿಸಿ, 2003ರಲ್ಲಿ ಮಿಕ್ಕ ಜಿಲ್ಲೆಗಳಿಗೂ ಹರಡಿತು. ದಾಸೋಹವೆಂಬುದು ಶರಣರ ಮಾತು. ಉಣಿಸುವವನು ದಾಸಭಾವದಿಂದ ಉಣಿಸಬೇಕೆಂಬುದು ಅದರ ಹೃದಯ. ಎಲ್ಲರ ತಟ್ಟೆಯಲ್ಲಿಯೂ ಒಂದೇ ಅನ್ನ, ಒಂದೇ ಸಾರು. ಮರದ ಹಿಂದೆ ಕುಳಿತು ಉಣ್ಣುವ ಹುಡುಗನು ಆಮೇಲೆ ನನ್ನ ಕಣ್ಣಿಗೆ ಬೀಳಲಿಲ್ಲ.

ಆದರೆ ಆ ಪಂಕ್ತಿಯಲ್ಲಿ ರಾಗಿಗೆ ಸ್ಥಳವಿರಲಿಲ್ಲ. ಮನೆಯಲ್ಲಿಯೂ ಪಡಿತರದ ಅಕ್ಕಿ, ಶಾಲೆಯಲ್ಲಿಯೂ ಅಕ್ಕಿ. ಅಂಗಡಿಯ ಬಾಗಿಲಲ್ಲಿ ಬಣ್ಣದ ಪೊಟ್ಟಣಗಳ ತೋರಣ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಮಿಗೂ ಮಿಗಿಲಾಗಿ ಸುಣ್ಣದ ಅಂಶವಿದೆ; ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿನ ಆಸುಪಾಸು. ಎಲುಬು ಬಲಿಯುವ ವಯಸ್ಸಿನಲ್ಲಿ ಈ ಅಂತರವು ಅಲ್ಪವಲ್ಲ. ಕೊರತೆಯನ್ನು ತುಂಬುವ ಪ್ರಯತ್ನಗಳು ಕ್ರಮವಾಗಿ ನಡೆದುವು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಬಂದಿತು. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆಯೂ, ಅದನ್ನು ತಿನ್ನದವರಿಗೆ ಬಾಳೆಯ ಹಣ್ಣೂ ಬಂದುವು. ಮುಂದೆ ಇತರ ಜಿಲ್ಲೆಗಳಿಗೂ ಅವು ವಿಸ್ತರಿಸಿದುವು. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳಿಗೆ ಮೀಸಲಿರಿಸಿದ ಮರುವರ್ಷ, 2024ರ ಫೆಬ್ರವರಿಯಲ್ಲಿ, ಹಾಲಿನೊಡನೆ ರಾಗಿಮಾಲ್ಟನ್ನು ಬೆರೆಸಿ ವಾರಕ್ಕೆ ಮೂರು ದಿನ ಕೊಡುವ ಏರ್ಪಾಡು ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊದಲಾಯಿತು. ಸೆರೆಯಲ್ಲಿದ್ದ ನರೆದಲಗವು ಪುನಃ ಸಭೆಗೆ ಬಂದಿತೆಂದು ನನಗೆ ತೋರಿತು.

ನಮ್ಮ ಮನೆಯ ಮೊಮ್ಮಗನು ರಾಗಿಯ ಗಂಜಿಯನ್ನು ಕಂಡರೆ ಮುಖ ತಿರುಗಿಸುತ್ತಿದ್ದನು. ಶಾಲೆಯಲ್ಲಿ ಸಂಗಡಿಗರೊಡನೆ ಮಾಲ್ಟು ಕುಡಿದ ಕೆಲವು ತಿಂಗಳ ಮೇಲೆ, "ತಾತಾ, ನೀವೂ ಕುಡೀತೀರಾ?" ಎಂದು ಕೇಳಿದನು. ಆ ದಿನದಿಂದ ನಾನೂ ಅವನೊಡನೆ ಕುಳಿತು ಕುಡಿಯುತ್ತೇನೆ. ಅರವತ್ತು ಕಳೆದ ಮೇಲೆ ನನಗೆ ಈ ಅಭ್ಯಾಸವಾದುದು.

ಆದುದರಿಂದ ವಿದ್ಯಾವಂತ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯು ಇಷ್ಟೆ. ಶಾಲೆಯು ದಿನಕ್ಕೊಮ್ಮೆ ಪಂಕ್ತಿಯನ್ನು ಹಾಕಬಲ್ಲುದು. ಮಿಕ್ಕ ಹೊತ್ತು ಮನೆಯದು. ರಾತ್ರಿಯ ಊಟವನ್ನಾದರೂ ಎಲ್ಲರೂ ಕೂಡಿ, ಹೊತ್ತು ಮೀರದಂತೆ, ಕೈಯಲ್ಲಿ ಮೊಬೈಲನ್ನು ಹಿಡಿಯದೆ ಉಣ್ಣೋಣ. ಮಗುವಿಗೆ ಸೊಪ್ಪಿನ ಸಾರನ್ನೂ ಹಿಟ್ಟನ್ನೂ ಬಡಿಸಿ ನಾವು ಬೇರೆಯದನ್ನು ತಿನ್ನದಿರೋಣ. ಸಂಜೆ ಅವರನ್ನು ಬಯಲಿಗೆ ಬಿಡೋಣ. ಆಡಿ ಹಸಿದು ಬಂದ ಮಗುವಿಗೆ ಪೊಟ್ಟಣದ ನೆನಪು ಕಡಿಮೆ, ನಿದ್ದೆಯೂ ಬೇಗ. ಎಲ್ಲಕ್ಕೂ ಮಿಗಿಲಾಗಿ, ಪಕ್ಕದ ಮಗುವಿನ ಡಬ್ಬಿಯನ್ನು ನೋಡಿ ನಗದಿರೋಣ. ಆ ಒಂದು ನಗೆಯಿಂದ ಎಷ್ಟು ಮಧ್ಯಾಹ್ನಗಳು ಉಪವಾಸವಾದುವೆಂಬುದನ್ನು ಕಂಡವನು ಈ ಮಾತನ್ನು ಬರೆಯುತ್ತಿದ್ದಾನೆ.