ಕೈಜೋಡಿಸುವ ಪಾಠ

ಸಕಲೇಶಪುರ, ಆಲೂರು ಕಡೆಯ ಚರ್ಚುಗಳಲ್ಲಿ ಜ್ಞಾನೋಪದೇಶಕ್ಕೆಂದು ಬಂದು ಕೂರುವ ಐದಾರು ವರ್ಷದ ಮಕ್ಕಳಿಗೆ ಮೊದಲು ಕಲಿಸಬೇಕಾದದ್ದು ಜಪವನ್ನೋ, ಕೈಜೋಡಿಸುವುದನ್ನೋ? ಒಂದೇ ಭಾಷೆಯ ಊರಿನಲ್ಲಿ ಈ ಪ್ರಶ್ನೆ ಏಳಲಾರದು. ನಮ್ಮದು ಕಾಫಿ ತೋಟಗಳು ಕೂಡಿಸಿದ ಸೀಮೆ. ಮಂಗಳೂರಿನಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮನೆಗಳು, ತಮಿಳುನಾಡಿನಿಂದ ಕೂಲಿಗೆ ಬಂದು ಲೈನುಮನೆಗಳಲ್ಲಿ ನೆಲೆಯಾದ ಸಂಸಾರಗಳು, ಹಾಸನ ಸೀಮೆಯ ಹಳೆಯ ಕನ್ನಡ ಕ್ರೈಸ್ತ ಒಕ್ಕಲುಗಳು, ಎಲ್ಲರೂ ಒಂದೇ ಪೀಠದ ಮುಂದೆ ಸೇರಿದರು. ದೇವಮಾತೆಯ ಜಪವನ್ನು ಒಂದು ಮಗು ಅಜ್ಜಿಯ ಬಾಯಿಂದ ಕೊಂಕಣಿಯಲ್ಲಿ ಕಲಿತಿರುತ್ತದೆ, ಪಕ್ಕದ ಮಗು ತಮಿಳಿನಲ್ಲಿ. ಚರ್ಚಿನಲ್ಲಿ ಕನ್ನಡದಲ್ಲಿ ಹೇಳಿ ಎಂದರೆ ತುಟಿಗಳು ತಡವರಿಸುತ್ತವೆ. ಕೈಗಳು ಮಾತ್ರ ಎಲ್ಲರದೂ ಒಂದೇ ರೀತಿ ಕೂಡುತ್ತವೆ.

ಹಿಂದೆ ಈ ತೊಡಕೇ ಇರಲಿಲ್ಲ. 1960ರ ದಶಕದವರೆಗೆ ಬಲಿಪೂಜೆ (ನಾವು ಬರಿ ‘ಪೂಜೆ’ ಎನ್ನುತ್ತೇವೆ) ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದುದರಿಂದ ಮೂರೂ ಮನೆಗಳ ಮಕ್ಕಳಿಗೆ ಅದು ಸಮನಾಗಿ ಅರ್ಥವಾಗುತ್ತಿರಲಿಲ್ಲ! ಗುರುಗಳು ಜನರಿಗೆ ಬೆನ್ನು ಮಾಡಿ, ಪೀಠದ ಕಡೆ ತಿರುಗಿ ಮಂತ್ರ ಹೇಳುತ್ತಿದ್ದರು. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ತಮ್ಮ ತಮ್ಮ ಭಾಷೆಯಲ್ಲಿ ಜಪಸರ ಎಣಿಸುತ್ತಿದ್ದರು. ಗಂಟೆ ಬಾರಿಸಿದಾಗ ತಲೆಗಳೆಲ್ಲ ಬಾಗುತ್ತಿದ್ದವು. ಮಗುವಿಗೆ ಅದೇ ಪಾಠ. ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂಬುದನ್ನು ಅಮ್ಮನ ಸೆರಗು ನೋಡಿಯೇ ಕಲಿಯಬೇಕು.

ಆ ಪಾಠ ಇಷ್ಟು ಎಳೆಯ ಮಕ್ಕಳ ಪಾಲಿಗೆ ಬಂದದ್ದಕ್ಕೆ ಒಂದು ಕಾರಣವಿದೆ. ಮೊದಲು ಹಲವು ದೇಶಗಳಲ್ಲಿ ಪರಮಪ್ರಸಾದಕ್ಕೆ ಹತ್ತು, ಹನ್ನೆರಡು ವರ್ಷ ತುಂಬುವವರೆಗೆ ಕಾಯಿಸುತ್ತಿದ್ದರು. 1910ರಲ್ಲಿ ಹತ್ತನೆಯ ಪಯಸ್ ಪೋಪರು, ಏಳು ವರ್ಷದ ಸುಮಾರಿಗೆ ಕೊಡಬಹುದು, ಊಟದ ರೊಟ್ಟಿಗೂ ಪೀಠದ ರೊಟ್ಟಿಗೂ ಇರುವ ಭೇದ ಮಗುವಿಗೆ ಗೊತ್ತಾದರೆ ಸಾಕು ಎಂದು ಆಜ್ಞೆ ಹೊರಡಿಸಿದರು. ಏಳು ವರ್ಷದ ಮಗುವಿಗೆ ಕಲಿಸುವುದು ದೊಡ್ಡ ಪುಸ್ತಕದಿಂದ ಆಗುವ ಕೆಲಸವಲ್ಲ. ಅದು ತಾಯಿ, ಅಜ್ಜಿ, ಸಿಸ್ಟರು, ಟೀಚರುಗಳ ಕೈಗೆ ಬಿತ್ತು. ಚರ್ಚಿನ ಚರಿತ್ರೆ ಬರೆದವರು ಬಿಷಪ್ಪರ ಹೆಸರುಗಳನ್ನು ಒಂದೂ ಬಿಡದೆ ಬರೆದಿದ್ದಾರೆ. ಈ ಹೆಂಗಸರದು ಮಾತ್ರ ಎಲ್ಲೂ ಕಾಣುವುದಿಲ್ಲ.

ಮೊಣಕಾಲೂರದೆ ಭಕ್ತಿಯೇ ಇಲ್ಲ ಎನ್ನುವ ಹಿರಿಯರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೆ: 325ರಲ್ಲಿ ನಿಸಿಯಾದಲ್ಲಿ ಸೇರಿದ ಸಭೆ, ಭಾನುವಾರ ಮತ್ತು ಈಸ್ಟರ್ ಕಾಲದಲ್ಲಿ ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕೆಂದು ನಿಯಮ ಮಾಡಿತ್ತು. ಪುನರುತ್ಥಾನದ ದಿನ ಎದ್ದು ನಿಲ್ಲುವುದೇ ಗೌರವ. ಕೈಜೋಡಿಸುವುದು ಕೂಡ ಮೊದಲಿಂದ ಬಂದದ್ದಲ್ಲ. ಆದಿಕಾಲದ ಕ್ರೈಸ್ತರು ಎರಡೂ ಕೈ ಮೇಲೆತ್ತಿ ಪ್ರಾರ್ಥಿಸುತ್ತಿದ್ದರು. ಯುರೋಪಿನಲ್ಲಿ ಕೈಜೋಡಿಸುವ ರೂಢಿ ಹಬ್ಬಿದ್ದು ಮಧ್ಯಯುಗದಲ್ಲಿ. ನಮ್ಮ ಮಕ್ಕಳಿಗಾದರೋ ಅದನ್ನು ಯಾರೂ ಕಲಿಸಬೇಕಾಗಿಲ್ಲ, ಮನೆಗೆ ಬಂದ ನೆಂಟರಿಗೆ ಮಾಡುವುದೂ ಅದನ್ನೇ.

ಈ ಮಾತು ರೋಮಿಗೂ ತಿಳಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಜನರ ಭಾಷೆಗೆ ಬಾಗಿಲು ತೆರೆದ ಮೇಲೆ, 1969ರಲ್ಲಿ ಭಾರತದ ಚರ್ಚುಗಳಿಗಾಗಿ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಸಿಕ್ಕಿತು: ಪಾದರಕ್ಷೆ ಹೊರಗೆ ಬಿಡಬಹುದು, ನೆಲದ ಮೇಲೆ ಕೂರಬಹುದು, ಒಂದು ಕಾಲೂರಿ ವಂದಿಸುವ ಬದಲು ಕೈಜೋಡಿಸಿ ಆಳವಾಗಿ ಬಾಗಿ ವಂದಿಸಬಹುದು, ಮೇಣದ ಬತ್ತಿಯ ಬದಲು ಎಣ್ಣೆ ದೀಪ, ಆರತಿ. ಇದರ ಹಿಂದೆ ದುಡಿದವರು ಬೆಂಗಳೂರಿನಲ್ಲಿ 1967ರಲ್ಲಿ ರಾಷ್ಟ್ರೀಯ ಕೇಂದ್ರ ಕಟ್ಟಿದ, ಆಮೇಲೆ ಮೈಸೂರಿನಲ್ಲಿ ಅಂಜಲಿ ಆಶ್ರಮ ತೆರೆದ ಫಾದರ್ ಅಮಲೋರ್‌ಪವದಾಸ್. ಇದು ಹಿಂದೂ ಪೂಜೆಯಾಯಿತೆಂದು ದೂರಿದವರಿಗೆ ಕಡಿಮೆಯಿಲ್ಲ. ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂರಲು ನಮ್ಮ ಹಳ್ಳಿಯ ಅಜ್ಜಿಯರಿಗೆ ರೋಮಿನ ಅಪ್ಪಣೆ ಬೇಕಿತ್ತೆಂದು ನನಗಂತೂ ಅನ್ನಿಸುವುದಿಲ್ಲ.

ಲ್ಯಾಟಿನ್ ಹೋದಾಗ ಹೊಸ ಪ್ರಶ್ನೆ ಬಂತು, ಇನ್ನು ಯಾರ ಭಾಷೆ? ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ–ತಮಿಳು ಜಗಳ ವರ್ಷಗಟ್ಟಲೆ ನಡೆಯಿತು. ಘಟ್ಟದ ಮೇಲೆ ಅಂಥ ಗದ್ದಲವಾಗದಿದ್ದರೂ, ಅಜ್ಜಿಯ ಜಪ ತಪ್ಪೆನ್ನಿಸಿಕೊಂಡ ಮಗು ಬಾಯಿ ಮುಚ್ಚಿ ಕೂರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚರ್ಚಿನಲ್ಲಿ ಕನ್ನಡ ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ರಾತ್ರಿ ದೀಪದ ಮುಂದೆ ಅಜ್ಜಿಯ ಭಾಷೆಯಲ್ಲೇ ಹೇಳು ಕಂದಾ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಹಾಗೆ ಹೇಳಿದ ಮುಂದಿನ ವಾರ ಆ ಮಗುವಿಗೆ ಕನ್ನಡವೂ ಬಂದಿರುತ್ತದೆ.

ಅಲುಗಾಡಿದರೆ ಕಿವಿ ಹಿಂಡುವ ಕಾಲವೂ ಒಂದಿತ್ತು. ಆಷಾಢದ ಮಳೆಯಲ್ಲಿ ತೋಟದ ದಾರಿಯಲ್ಲಿ ನಡೆದು ಬಂದ ಮಗುವಿನ ಕಾಲಿಗೆ ಇಂಬಳ ಹತ್ತಿರುತ್ತದೆ. ಮೊಣಕಾಲೂರಿದಾಗ ರಕ್ತ ಇಳಿಯುತ್ತದೆ. ಅಂಥ ಮಗು ಅಲುಗಾಡದೆ ಇರುವುದು ಹೇಗೆ? 1973ರಲ್ಲಿ ರೋಮಿನಿಂದ ಮಕ್ಕಳ ಪೂಜೆಗೆಂದೇ ಬಂದ ನಿರ್ದೇಶನವು ವಯಸ್ಸಿಗೂ ಊರಿನ ರೂಢಿಗೂ ಒಪ್ಪುವ ಭಂಗಿಗಳಿರಲಿ ಎಂದಿತು. ಕಿವಿ ಹಿಂಡುವ ಕೈಗಳಿಗೆ ಅದು ತಲುಪಲು ಇನ್ನೂ ಬಹಳ ವರ್ಷ ಬೇಕಾಯಿತು.

ನಮ್ಮ ಜಿಲ್ಲೆಯಲ್ಲಿ ಈ ಪಾಠ ಎಷ್ಟು ಹಳೆಯದೆಂಬುದಕ್ಕೆ ಗೊರೂರಿನ ಹತ್ತಿರದ ಶೆಟ್ಟಿಹಳ್ಳಿ ಸಾಕ್ಷಿ. ಹಾಸನ ಸೀಮೆಯ ಕ್ರೈಸ್ತರು ಇಂದಿಗೂ ನೆನೆಯುವ ಅಬ್ಬೆ ದುಬುವಾ, ಈ ನಾಡಿನಂತೆ ಉಟ್ಟು, ಈ ನಾಡಿನಂತೆ ಉಂಡು, ಮೈಸೂರು ಸೀಮೆಯಲ್ಲಿ ಎರಡು ದಶಕ ಬಾಳಿದ ಫ್ರೆಂಚ್ ಗುರು. 1823ರಲ್ಲಿ ಅವರು ಮರಳಿ ಹೋಗುವಾಗ, ಇಲ್ಲಿ ಕ್ರೈಸ್ತಧರ್ಮ ಬೇರೂರದೆಂದು ನಿರಾಶರಾಗಿದ್ದರು, ಹಾಗೆಂದು ಬರೆದೂ ಬಿಟ್ಟರು. ಅವರ ಹಿಂದೆ ಬಂದ ಫ್ರೆಂಚ್ ಗುರುಗಳು ಶೆಟ್ಟಿಹಳ್ಳಿಯಲ್ಲಿ ಜಪಸರ ಮಾತೆಯ ದೊಡ್ಡ ಚರ್ಚು ಕಟ್ಟಿದರು. 1979ರಲ್ಲಿ ಹೇಮಾವತಿಗೆ ಅಣೆಕಟ್ಟು ಆದ ಮೇಲೆ ಊರು ಎದ್ದುಹೋಯಿತು, ಚರ್ಚು ನೀರಿಗೆ ಬಿತ್ತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಚಾವಣಿಯಿಲ್ಲದ ಗೋಡೆಗಳು ಮೇಲೇಳುತ್ತವೆ. ಫೋಟೋ ತೆಗೆಯುವವರು ಈಗ ಬಹಳ. ಕೆಲವು ಬೇಸಿಗೆಗಳ ಹಿಂದೆ ಅಲ್ಲಿ ಮುದುಕಿಯೊಬ್ಬರನ್ನು ನೋಡಿದೆ. ಆ ಊರಿನಲ್ಲೇ ಹುಟ್ಟಿದವರಂತೆ. ಬಾಗಿಲಿಲ್ಲದ ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು, ಒಣಗಿ ಬಿರಿದ ಕೆಸರಿನ ಮೇಲೆ ನಡೆದು, ಪೀಠವಿದ್ದ ಕಡೆ ತಿರುಗಿ ಮೊಣಕಾಲೂರಿದರು. ಜೊತೆಗಿದ್ದ ಮೊಮ್ಮಗಳು ಒಂದು ಗಳಿಗೆ ಅಜ್ಜಿಯನ್ನು ನೋಡಿದಳು. ಆಮೇಲೆ ತಾನೂ ಚಪ್ಪಲಿ ಕಳಚಿ, ಅಜ್ಜಿಯ ಚಪ್ಪಲಿಯ ಪಕ್ಕದಲ್ಲಿ ಸರಿಯಾಗಿ ಜೋಡಿಸಿಟ್ಟು ಒಳಗೆ ಹೋದಳು.