ಫಿಯೆಟ್‌ನ ಕಿರ್ರ್, ಈಗಿನ ಕಾರಿನ ಟಕ್

ಮುಂಬಯಿ ಟ್ಯಾಕ್ಸಿಯ ಬಗ್ಗೆ ಬರೆಯುವವರೆಲ್ಲ ಅದರ ಕಪ್ಪು-ಹಳದಿ ಬಣ್ಣವನ್ನೇ ಹಿಡಿದುಕೊಳ್ಳುತ್ತಾರೆ. ನಾನು ಅದರ ಸದ್ದಿನ ಬಗ್ಗೆ ಬರೆಯೋಣ ಅಂತಿದ್ದೇನೆ. ಹಾರ್ನ್ ಸದ್ದಲ್ಲ ಮಾರಾಯ್ರೆ, ಹೊಂಡಕ್ಕೆ ಬಿದ್ದಾಗ ಸೀಟಿನ ಅಡಿಯಿಂದ ಬರುತ್ತಿತ್ತಲ್ಲ, ಆ ಸದ್ದು. ಊರು ಬಿಟ್ಟು ಬಂದು ನಲವತ್ತು ವರ್ಷ ದಾಟಿದ ನನ್ನಂಥವರಿಗೆ ಅದು ಚೆನ್ನಾಗಿ ಗೊತ್ತು. ಈ ಸದ್ದಿಗೂ ಒಂದು ಇತಿಹಾಸ ಇದೆ.

ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಕಟ್ಟಿದರು. ಕಾರ್ಖಾನೆ ನಮ್ಮ ಕುರ್ಲಾದಲ್ಲಿ. 1964ರಲ್ಲಿ ಅಲ್ಲಿಂದ ಫಿಯೆಟ್ 1100 ಡಿಲೈಟ್ ಬಂತು. 1974ರಲ್ಲಿ ಅದೇ ಗಾಡಿಗೆ ಚಿತ್ತೋಡದ ರಾಣಿಯ ಹೆಸರಿಟ್ಟು ಪ್ರೀಮಿಯರ್ ಪದ್ಮಿನಿ ಅಂದರು. ಜನ ಮಾತ್ರ ಕೊನೆಯವರೆಗೂ ಫಿಯೆಟ್ ಅಂತಲೇ ಕರೆದರು. ಮೂಲ ವಿನ್ಯಾಸ 1953ರ ಇಟಲಿಯದು. ಅಂದರೆ ಇಟಲಿಯ ರಸ್ತೆಗೆ ಹುಟ್ಟಿದ ಕಾರು ನಮ್ಮ ಮಳೆಗಾಲದ ಹೊಂಡಗಳಲ್ಲಿ ಐವತ್ತು ವರ್ಷ ದುಡಿಯಿತು!

ಅದರ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್. ಹಿಂದೆ ಮಾತ್ರ ಒಂದರ ಮೇಲೊಂದು ಜೋಡಿಸಿದ ಕಮಾನು ಪಟ್ಟಿಗಳು, ಹಳೆಯ ಕುದುರೆಗಾಡಿಗಳಿಗೆ ಇದ್ದ ಜಾತಿಯವೇ. ಗಾಡಿ ಕುಪ್ಪಳಿಸಿದಾಗ ಪಟ್ಟಿಗಳು ಬಾಗಿ ಒಂದರ ಮೇಲೊಂದು ಜಾರುತ್ತವೆ. ಮಳೆನೀರಿಗೆ ಗ್ರೀಸ್ ತೊಳೆದುಹೋಗಿ ತುಕ್ಕು ಹಿಡಿದರೆ ಕಿರ್ರ್ ಅನ್ನುತ್ತವೆ. ನಮ್ಮ ಚಾಳಿನ ಟ್ಯಾಕ್ಸಿ ಚಾಲಕರೊಬ್ಬರು ಇದಕ್ಕೆ 'ಗಾಡಿ ಅಳ್ತಾ ಇದೆ' ಅನ್ನುತ್ತಿದ್ದರು. ಮದ್ದು ಸುಲಭ: ಪಟ್ಟಿ ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚುವುದು. ಮುರಿದಿದ್ದರೆ ಆ ಒಂದು ಪಟ್ಟಿ ಬದಲಿಸಿದರಾಯಿತು. ಸ್ಟೇರಿಂಗ್ ತಿರುಗಿಸುವಾಗ ಮುಂದಿನಿಂದ ಸದ್ದು ಬಂದರೆ ಕಿಂಗ್‌ಪಿನ್‌ಗೆ ಗ್ರೀಸ್ ಗನ್ ಇಡುತ್ತಿದ್ದರು. ಸದ್ದು ಜೋರು, ಖರ್ಚು ಕಡಿಮೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು ನೋಡಿ, ಕೆಳಗಿನ ಲೋಕವೇ ಬದಲಾಯಿತು. ಅದರ ಮುಂಭಾಗದಲ್ಲಿದ್ದದ್ದು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರಿನ ಸ್ಟ್ರಟ್. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ. 1998ರಲ್ಲಿ ಬಂದ ಸ್ಯಾಂಟ್ರೊದಲ್ಲೂ ಇದೇ ಏರ್ಪಾಡು. ಮುಂದೆ ಆ ಸ್ಯಾಂಟ್ರೊ ಕೂಡ ಟ್ಯಾಕ್ಸಿಯಾಯಿತು. ಈಗಿನ ಕಾರುಗಳ ಬಾಲ್ ಜಾಯಿಂಟಿಗೆ ಸಾಮಾನ್ಯವಾಗಿ ಗ್ರೀಸ್ ತುಂಬುವ ತೂತೇ ಇರುವುದಿಲ್ಲ. ಸವೆದರೆ ತೆಗೆದು ಬಿಸಾಡಿ ಹೊಸದು ಹಾಕುವುದು. ಕೆಲವು ಕಾರುಗಳಲ್ಲಿ ಜಾಯಿಂಟಿಗಾಗಿ ಇಡೀ ಆರ್ಮನ್ನೇ ಬದಲಿಸಬೇಕು.

ಇಲ್ಲೇ ಇರುವುದು ಅಪಾಯ. ಫಿಯೆಟ್ ಪಟ್ಟಿ ಬೀದಿಯೆಲ್ಲ ಕೇಳುವಂತೆ ಕಿರುಚಿದರೂ ಆ ಕಿರುಚಾಟದಿಂದ ಯಾರ ಜೀವವೂ ಹೋಗುತ್ತಿರಲಿಲ್ಲ. ಈಗಿನ ಕಾರಿನ ಸಣ್ಣ ಟಕ್ ಹಾಗಲ್ಲ. ಪೇವರ್ ಬ್ಲಾಕ್ ಮೇಲೆ ಟಕ್ ಟಕ್ ಅಂದರೆ ಬಹುಪಾಲು ಸ್ಟೆಬಿಲೈಸರ್ ಲಿಂಕ್, ಕಡಿಮೆ ಖರ್ಚಿನದು. ಹೆಚ್ಚುಕಮ್ಮಿ ಅಂಥದೇ ಸದ್ದು ಸವೆದ ಬಾಲ್ ಜಾಯಿಂಟಿನಿಂದಲೂ ಬರಬಹುದು. ಅದು ಕಳಚಿಕೊಂಡರೆ ಚಕ್ರ ಮಗುಚಿಕೊಂಡು ಗಾಡಿ ಕೈತಪ್ಪುತ್ತದೆ. ಹೆದ್ದಾರಿಯಲ್ಲಾದರೆ ದೇವರೇ ಗತಿ. ಊಹೆಯ ಮೇಲೆ ಎರಡೂ ಸ್ಟ್ರಟ್ ಬದಲಿಸಿ, ದುಡ್ಡು ಕೊಟ್ಟು, ಅದೇ ಸದ್ದಿನೊಂದಿಗೆ ಮನೆಗೆ ಬಂದವರನ್ನು ನಾನು ನೋಡಿದ್ದೇನೆ.

ಹಳೆಯ ಮೇಸ್ತ್ರಿಗಳ ಪರೀಕ್ಷೆಗಳು ಈಗಲೂ ನಡೆಯುತ್ತವೆ. ಗಾಡಿಯ ಒಂದು ಮೂಲೆಯನ್ನು ಒತ್ತಿ ಬಿಡಿ. ಒಂದೆರಡು ಸಲಕ್ಕಿಂತ ಹೆಚ್ಚು ಕುಣಿದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಟಂಗ್ ಅಂದರೆ ಸ್ಟ್ರಟ್ಟಿನ ಮೇಲಿನ ಮೌಂಟ್ ನೋಡಿಸಿ. ಚಕ್ರವನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು (ಬರೀ ಜಾಕ್ ನಂಬಬೇಡಿ), ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಕಡೆ ಅನುಮಾನ. ಅಕ್ಕಪಕ್ಕ ಹಿಡಿದಾಗ ಆಡಿದರೆ ಸ್ಟೇರಿಂಗ್ ರಾಡಿನ ತುದಿ ನೋಡಿಸಿ. ಗೋಡೆಯ ಪಕ್ಕದಲ್ಲಿ ಕಿಟಕಿ ಇಳಿಸಿ ನಿಧಾನ ಓಡಿಸಿದರೆ ಸದ್ದು ಗೋಡೆಗೆ ಬಡಿದು ವಾಪಸು ಬಂದು ಕಿವಿಗೆ ಸ್ಪಷ್ಟವಾಗುತ್ತದೆ.

ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 29 ಅಕ್ಟೋಬರ್ 2003ರಂದು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಅದರ ಕಾಲ ಮುಗಿಯಿತು. ಆ ಗಾಡಿಯನ್ನೇ ನಂಬಿದ್ದ ಬೀದಿಬದಿಯ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದರು. ಈಗ ಗ್ಯಾರೇಜಿಗೆ ಹೋದರೆ ಮೊದಲು ಕಂಪ್ಯೂಟರ್ ತಗುಲಿಸುತ್ತಾರೆ. ಸವೆದ ರಬ್ಬರ್ ಬುಷ್ ಆ ಕಂಪ್ಯೂಟರಿಗೆ ಕಾಣುವುದಿಲ್ಲ. ಅದಕ್ಕೆ ಕಿವಿಯೇ ಬೇಕು. ಈ ಮಳೆಗಾಲ ಮುಗಿದ ಮೇಲೆ ಒಂದು ದಿನ ರೇಡಿಯೋ ಆರಿಸಿ ಗಾಡಿ ಓಡಿಸಿ. ಯಾವ ಚಕ್ರ, ಎಷ್ಟು ವೇಗ, ಬ್ರೇಕಿನಲ್ಲೋ ತಿರುವಿನಲ್ಲೋ ಅಂತ ಬರೆದಿಟ್ಟುಕೊಂಡು ಗ್ಯಾರೇಜಿಗೆ ಹೋಗಿ. ಅರ್ಧ ರಿಪೇರಿ ಅಲ್ಲೇ ಆದ ಹಾಗೆ.